ಹಿತ್ತಲ ತೋಟದಲ್ಲಿ ಕಮಲಾಪುರದ ಕೆಂಪು ಬಾಳೆ

ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಇಲ್ಲಿನ ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಕೆಂಪು ಬಾಳೆಯನ್ನು ರಾಜ್ಯದ ಇತರೆಡೆ ಚಂದ್ರಬಾಳೆ ಎಂದೂ ಕರೆಯುವುದುಂಟು. ಬಣ್ಣ, ರುಚಿ ಮತ್ತು ಪರಿಮಳದಿಂದಾಗಿ ಇದಕ್ಕೆ ಸಾಮಾನ್ಯ ಬಾಳೆಗಿಂತ ಹೆಚ್ಚಿನ ಬೆಲೆಯಿದೆ. ಆದರೆ ಗೊನೆ ಕೈಗೆ ಬರಲು 16ರಿಂದ 18 ತಿಂಗಳು ಬೇಕು. ಅಷ್ಟು ಕಾಲ ಹೊಲವನ್ನು ಒಂದೇ ಬೆಳೆಗೆ ಬಿಡಲು ಬಹಳ ರೈತರು ಒಪ್ಪುವುದಿಲ್ಲ.

ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ ಬಾವಿ ಅಥವಾ ಕೊಳವೆ ಬಾವಿಯ ನೀರುಳ್ಳವರು ಹಿತ್ತಲಲ್ಲಿ ನಾಲ್ಕಾರು ಗಿಡಗಳನ್ನು ಬೆಳೆಸಬಹುದು. ಮನೆಗೆ ಹಣ್ಣಾಗುತ್ತದೆ, ತಳಿಯೂ ಉಳಿಯುತ್ತದೆ. ಆದರೆ ಕಂದಿನ ಆಯ್ಕೆಯಲ್ಲಿ ತಪ್ಪಿದರೆ, ವರ್ಷವಿಡೀ ನೀರು ಗೊಬ್ಬರ ಕೊಟ್ಟ ಮೇಲೆ ಹಸಿರು ಕಾಯಿಯ ಗೊನೆಯನ್ನು ನೋಡಬೇಕಾದೀತು.

ಕೆಂಪು ಬಾಳೆ ಹಸಿರಾಗುವುದೇಕೆ?

ಬಾಳೆಗೆ ಬೀಜವಿಲ್ಲ. ಕಂದಿನಿಂದಲೇ ವಂಶಾಭಿವೃದ್ಧಿ. ಆದ್ದರಿಂದ ಮರಿ ತಾಯಿಯಂತೆಯೇ ಇರಬೇಕು. ಆದರೆ ಗಡ್ಡೆಯ ಬೆಳೆಯುವ ತುದಿಯ ಜೀವಕೋಶಗಳಲ್ಲಿ ಒಮ್ಮೊಮ್ಮೆ ತಾನಾಗಿಯೇ ಬದಲಾವಣೆಯಾಗಿ, ಕೆಂಪು ಬಾಳೆಯ ಬುಡದಲ್ಲೇ ಹಸಿರು ಕಂದು ಏಳುತ್ತದೆ. ಇದು ರೋಗವಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಅದರ ಹಣ್ಣು ತಿನ್ನಲು ಯೋಗ್ಯವೇ. ಆದರೆ ಪೇಟೆಯಲ್ಲಿ ಕೆಂಪು ಬಾಳೆಯ ಬೆಲೆ ಸಿಗದು. ಅಂಥ ಕಂದುಗಳನ್ನು ತೆಗೆಯದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಮೂಲ ತಳಿ ಹಿಂದೆ ಬೀಳುತ್ತದೆ.

ಹವಾಯಿ ದ್ವೀಪಗಳ 'ಆಎ ಆಎ' ಎಂಬ ಅಪರೂಪದ ಬಾಳೆಯಲ್ಲೂ ಇದೇ ಸಮಸ್ಯೆ. ಅದರ ಎಲೆ ಮತ್ತು ಕಾಯಿಗಳ ಮೇಲೆ ಬಿಳಿ, ಹಸಿರು ಪಟ್ಟೆಗಳಿರುತ್ತವೆ. ಪೂರ್ತಿ ಬಿಳಿಯಾದ ಕಂದಿನಲ್ಲಿ ಪತ್ರಹರಿತ್ತು ಇಲ್ಲದ ಕಾರಣ ತಾಯಿಯಿಂದ ಬೇರ್ಪಡಿಸಿದರೆ ಸಾಯುತ್ತದೆ. ಪೂರ್ತಿ ಹಸಿರಾದದ್ದು ಜೋರಾಗಿ ಬೆಳೆದು ಪಟ್ಟೆಯ ಗಿಡವನ್ನು ಅಡಗಿಸುತ್ತದೆ. ಎರಡೂ ಬಣ್ಣ ಹದವಾಗಿ ಬೆರೆತ ಕಂದನ್ನೇ ಆರಿಸಿ ಅಲ್ಲಿಯವರು ಈ ತಳಿಯನ್ನು ಉಳಿಸಿಕೊಂಡಿದ್ದಾರೆ. ಬಿಳಿ ಭಾಗ ಬಿಸಿಲಿಗೆ ಸುಡುವುದರಿಂದ ನಮ್ಮ ಬೇಸಿಗೆಗೆ ಅದು ಒಗ್ಗುವುದು ಕಷ್ಟ. ಆದರೆ ಅವರ ಆಯ್ಕೆಯ ಕ್ರಮ ನಮಗೂ ಪಾಠ.

ಕಂದಿನ ಆಯ್ಕೆ

ಗೊನೆಯನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಂದು ತನ್ನಿರಿ. ಕತ್ತಿಯಂತೆ ಕಿರಿದಾದ ಎಲೆಗಳುಳ್ಳ, 3-4 ತಿಂಗಳ, ಒಂದೂವರೆಯಿಂದ ಎರಡು ಕಿಲೋ ತೂಕದ ಕಂದು ಉತ್ತಮ. ಅಗಲ ಎಲೆಯ ನೀರುಕಂದು ಬೇಡ. ಕಾಂಡ, ಎಲೆಯ ತೊಟ್ಟು ಮತ್ತು ನಡುನರ, ಈ ಮೂರರಲ್ಲೂ ಕೆಂಪು ಛಾಯೆ ಇರಬೇಕು. ತೊಟ್ಟು ಅಚ್ಚ ಹಸಿರಾಗಿದ್ದರೆ ಆ ಕಂದನ್ನು ಬಿಟ್ಟುಬಿಡಿ.

ಮಣ್ಣು ಮತ್ತು ನಾಟಿ

ನೀರು ಬಸಿದು ಹೋಗುವ ಕೆಂಪು ಮಣ್ಣು ಒಳ್ಳೆಯದು. ಎರೆಮಣ್ಣಿನ ಹಿತ್ತಲಾದರೆ ಗುಣಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ, ಮಳೆಗಾಲದ ನೀರು ಹೊರಹೋಗಲು ಕಾಲುವೆ ತೆಗೆಯಿರಿ. ಈ ಬಾಳೆ ಎತ್ತರವಾಗಿ ಬೆಳೆಯುವುದರಿಂದ ಗಾಳಿಯ ಹೊಡೆತ ಹೆಚ್ಚು. ಮನೆಯ ಗೋಡೆ ಅಥವಾ ಮರಗಳ ಆಸರೆ ಇರುವ, ಆದರೆ ಬಿಸಿಲು ಬೀಳುವ ಜಾಗವನ್ನು ಆರಿಸಿರಿ.

ಜೂನ್-ಜುಲೈನಲ್ಲಿ 8 ಅಡಿ ಅಂತರದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು, ಗುಣಿಯೊಂದಕ್ಕೆ 10-15 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಹಾಕಿರಿ. ಗಡ್ಡೆಯ ಹಳೆಯ ಬೇರು ಮತ್ತು ಕೊಳೆತ ಭಾಗಗಳನ್ನು ಕೆತ್ತಿ ತೆಗೆದು ನೆಡಿರಿ. ಕೆತ್ತಿದಾಗ ಒಳಗೆ ಹುಳು ಕೊರೆದ ರಂಧ್ರ ಅಥವಾ ಕಂದು ಬಣ್ಣದ ಕಲೆ ಕಂಡರೆ ಆ ಗಡ್ಡೆಯನ್ನು ಸುಟ್ಟುಹಾಕಿರಿ.

ಗೊಬ್ಬರ ಮತ್ತು ನೀರು

ಗಿಡವೊಂದಕ್ಕೆ ಒಟ್ಟು 400 ಗ್ರಾಂ ಯೂರಿಯಾ, 675 ಗ್ರಾಂ ಸೂಪರ್ ಫಾಸ್ಫೇಟ್, 375 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕು. ಸೂಪರ್ ಫಾಸ್ಫೇಟನ್ನು ನಾಟಿಗೆ ಮುಂಚೆಯೇ ಗುಣಿಗೆ ಕೊಡಿ. ಉಳಿದೆರಡನ್ನು 4 ಸಮಪಾಲು ಮಾಡಿ 2, 4, 6, 8ನೇ ತಿಂಗಳಲ್ಲಿ, ಬುಡದಿಂದ ಒಂದೂವರೆ ಅಡಿ ದೂರ ಸುತ್ತಲೂ ಹಾಕಿ ಮಣ್ಣು ಮುಚ್ಚಿ ನೀರು ಕೊಡಿ. ಚಳಿಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ 3-4 ದಿನಕ್ಕೊಮ್ಮೆ ನೀರು ಬೇಕು. ಒಣ ಎಲೆ ಅಥವಾ ಕಬ್ಬಿನ ರವದಿಯನ್ನು ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಗೊನೆ ಹಾಕಿದ ಗಿಡಕ್ಕೆ ಬಿದಿರಿನ ಊರೆಗೋಲು ಕೊಡಲೇಬೇಕು.

ರೋಗದ ಎಚ್ಚರ

ಕೆಂಪು ಬಾಳೆಗೆ ಬಂಚಿ ಟಾಪ್ ಎಂಬ ನಂಜು ರೋಗ ಬೇಗ ತಗಲುತ್ತದೆ. ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ತಲೆಯಲ್ಲಿ ಗೊಂಚಲಾಗುತ್ತವೆ. ತೊಟ್ಟಿನ ಮೇಲೆ ಕಡು ಹಸಿರು ಗೆರೆ, ಚುಕ್ಕೆಗಳು ಕಾಣುತ್ತವೆ. ಇದಕ್ಕೆ ಔಷಧಿಯಿಲ್ಲ. ರೋಗದ ಕಂದಿನಿಂದಲೂ ಬಾಳೆ ಹೇನಿನಿಂದಲೂ ಇದು ಹರಡುತ್ತದೆ. ಮೊದಲು ಹೇನುಗಳನ್ನು ಸಿಂಪರಣೆಯಿಂದ ಕೊಂದು, ಬಳಿಕ ಇಡೀ ಬುಡವನ್ನು ಗಡ್ಡೆ ಸಹಿತ ಅಗೆದು ನಾಶಮಾಡಿರಿ. ಒಂದು ಗಿಡವೆಂದು ಮರುಕಪಟ್ಟರೆ ಅಕ್ಕಪಕ್ಕದ ಹಿತ್ತಲುಗಳಿಗೂ ಕೇಡು. ಪನಾಮಾ ಸೊರಗು ರೋಗದಿಂದ ನಂಜನಗೂಡು ರಸಬಾಳೆಯ ತೋಟಗಳು ಹಾಳಾದುದನ್ನು ಮರೆಯಬಾರದು.

ಕೊಯ್ಲು ಮತ್ತು ಮುಂದಿನ ಕಂದು

ಹೂಗೊನೆ ಬರುವವರೆಗೆ ಎದ್ದ ಕಂದುಗಳನ್ನು ತಿಂಗಳಿಗೊಮ್ಮೆ ಕೊಯ್ಯಿರಿ. ಗೊನೆ ಮೂಡಿದ ಮೇಲೆ, ಕಾಯಿಯ ಬಣ್ಣ ನೋಡಿ, ಕೆಂಪು ತೊಟ್ಟಿನ ಒಂದೇ ಕಂದನ್ನು ಉಳಿಸಿರಿ. ಕಾಯಿ ಹಸಿರಾಗಿದ್ದರೆ ಆ ಬುಡದಿಂದ ಕಂದು ಇಡಬೇಡಿ, ಯಾರಿಗೂ ಕೊಡಬೇಡಿ. ಮೂಡಿದ ಸುಮಾರು 4 ತಿಂಗಳಿಗೆ, ಕಾಯಿಯ ಏಣು ಮಾಸಿ ದುಂಡಗಾದಾಗ ಗೊನೆ ಕಡಿಯಬಹುದು.

ಸಂಶಯ ಬಂದಲ್ಲಿ ರೋಗದ ಎಲೆಯ ತುಂಡಿನೊಡನೆ ಬೀದರಿನ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿರಿ. ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಯ್ಯಿರಿ. ಹೇನು ದಾರಿಯಲ್ಲಿ ಬೇರೆ ತೋಟ ಸೇರಬಾರದು.