ಜ್ವರ ಬಂದರೆ ಜಿ.ಎಚ್.ಗೇ ಓಡಬೇಕೆ?

ಪ್ರಶ್ನೆ: ತಾಯಿಗೆ 66 ವರ್ಷ, ಬಿ.ಪಿ. ಇದೆ. ಎರಡು ದಿನದಿಂದ ಜ್ವರವೆಂದು ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕರೆದೊಯ್ದರೆ, ಪರೀಕ್ಷಿಸಿ, ಮನೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳಿದರು. ಹೀಗೆ ಕಳಿಸಬಹುದೆ?
(ಓದುಗರು, ಟಿ. ನಗರ, ಚೆನ್ನೈ)

ಉತ್ತರ: ನೋಡಿದ ಮೇಲೆ ಕಳಿಸಬಹುದು. ನೋಡದೆ ಬಾಗಿಲಲ್ಲೇ ಸಾಗಹಾಕುವಂತಿಲ್ಲ.

ಸೆಂಟ್ರಲ್ ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ ಚೆನ್ನೈನವರ ಬಾಯಲ್ಲಿ ಬರೀ ಜಿ.ಎಚ್. ಅಪಘಾತ, ಹೃದಯಾಘಾತ, ಪಾರ್ಶ್ವವಾಯುವಿನ ರೋಗಿಗಳು ಅಲ್ಲಿಗೆ ದೂರದೂರದ ಊರುಗಳಿಂದ ಬರುತ್ತಾರೆ. ಇಂಥ ಕಡೆ ಮೊದಲು ಬಂದವರಿಗಲ್ಲ, ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲ ಮಣೆ. ನರ್ಸ್ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನಾಡಿ, ಬಿ.ಪಿ., ಉಸಿರಾಟದ ವೇಗ, ಪ್ರಜ್ಞೆ ನೋಡುತ್ತಾರೆ. ತಮಿಳುನಾಡಿನ ಅಪಘಾತ ಮತ್ತು ತುರ್ತು ಚಿಕಿತ್ಸಾ ಯೋಜನೆಯಲ್ಲಿ ಜೀವಾಪಾಯವಿದ್ದವರಿಗೆ ಕೆಂಪು, ಬೇಗ ನೋಡಬೇಕಾದವರಿಗೆ ಹಳದಿ, ಕಾಯಬಲ್ಲವರಿಗೆ ಹಸಿರು ಬಣ್ಣ.

ಈ ತಪಾಸಣೆ ತಪ್ಪಿದರೆ ಅನಾಹುತ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವರೊಬ್ಬರನ್ನು ಪಶ್ಚಿಮ ಬಂಗಾಳದ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಸೇರಿಸಿಕೊಳ್ಳಲಿಲ್ಲ. ಸಕಾಲದಲ್ಲಿ ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ 1996ರಲ್ಲಿ ತೀರ್ಪಿತ್ತಿತು.

ಪ್ರಶ್ನೆ: ಸಣ್ಣ ಕೇಂದ್ರದಲ್ಲಿ ಸರಿಯಾದ ಚಿಕಿತ್ಸೆ ಸಿಗುತ್ತದೆಯೆ?

ಉತ್ತರ: ಸಾಮಾನ್ಯ ಜ್ವರ, ಕೆಮ್ಮು, ಬಿ.ಪಿ., ಸಕ್ಕರೆ ಕಾಯಿಲೆಗೆ ಅದೇ ಸರಿಯಾದ ಜಾಗ. ತುರ್ತು ವಿಭಾಗದ ವೈದ್ಯರು ಆ ಹೊತ್ತಿನ ಗಂಡಾಂತರ ನೋಡುತ್ತಾರೆ. ಹಿಂದಿನ ತಿಂಗಳು ಬಿ.ಪಿ. ಎಷ್ಟಿತ್ತೆಂದು ಅವರಿಗೆ ತಿಳಿಯುವುದಿಲ್ಲ. ಹತ್ತಿರದ ಕೇಂದ್ರದಲ್ಲಿ ಆ ಲೆಕ್ಕ ಇರುತ್ತದೆ, ಮಾತ್ರೆಯೂ ಉಚಿತ. ಚೆನ್ನೈ ಮಹಾನಗರ ಪಾಲಿಕೆಗೆ ಇಂಥ 140 ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. 2023ರ ಜೂನ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ 500 ನಗರ ಆರೋಗ್ಯ ಕ್ಷೇಮ ಕೇಂದ್ರಗಳು ಸಂಜೆ 4ರಿಂದ 8ರವರೆಗೂ ತೆರೆದಿರುವುದರಿಂದ ಕೂಲಿ ಬಿಟ್ಟು ಹೋಗಬೇಕಿಲ್ಲ.

ಹಾಸಿಗೆ ಹಿಡಿದವರಿಗೆ ಮನೆಬಾಗಿಲಿಗೇ ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯೂ ಇದೆ. ಅದು ಶುರುವಾದದ್ದು 2021ರ ಆಗಸ್ಟ್ 5ರಂದು, ಕರ್ನಾಟಕದ ಗಡಿಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ.

ಪ್ರಶ್ನೆ: ಹಾಗಾದರೆ ಯಾವಾಗ ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು?

ಉತ್ತರ: ಎದೆನೋವು, ಏದುಸಿರು, ಫಿಟ್ಸ್, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ, ಹಾವು ಕಡಿತ: ಇವುಗಳಲ್ಲಿ ಒಂದಿದ್ದರೂ ತಡಮಾಡದೆ 108ಕ್ಕೆ ಕರೆ ಮಾಡಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಲಕ್ಷಣ ಶುರುವಾದ ಗಳಿಗೆಯನ್ನು ಗುರುತು ಹಾಕಿಕೊಳ್ಳಿ; ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಮಳೆಗಾಲದ ಜ್ವರದಲ್ಲಿ ಇನ್ನೊಂದು ಎಚ್ಚರ. ಡೆಂಗಿಯ ಅಪಾಯ ಹೆಚ್ಚಾಗುವುದು ಜ್ವರ ಇಳಿಯುವ ಹೊತ್ತಿಗೆ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ, ಹಿಂದಿನ ದಿನ ಹಸಿರು ಗುಂಪಿಗೆ ಸೇರಿಸಿ ಕಳಿಸಿದ್ದರೂ ತಾಯಿಯನ್ನು ತಕ್ಷಣ ಮತ್ತೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಅಂಗಡಿಯಿಂದ ಐಬುಪ್ರೊಫೆನ್, ಆಸ್ಪಿರಿನ್ ತಂದು ಕೊಡಬೇಡಿ. ಹೋಗುವಾಗ ಬಿ.ಪಿ. ಮಾತ್ರೆಯ ಚೀಟಿ ಜೊತೆಗಿರಲಿ.