ಗರ್ಭಿಣಿಯರಲ್ಲಿ ಅಧಿಕ ರಕ್ತದೊತ್ತಡ

ಗರ್ಭಿಣಿಯು ನೋವಿಲ್ಲದೆ, ಜ್ವರವಿಲ್ಲದೆ, ಎಂದಿನಂತೆ ಮನೆಗೆಲಸ ಮಾಡಿಕೊಂಡಿರುವಾಗಲೇ ಅವಳ ರಕ್ತದೊತ್ತಡವು ಅಪಾಯದ ಮಟ್ಟಕ್ಕೆ ಏರಿರಬಹುದು. ಇದನ್ನು ಮೊದಲೇ ಅರಿಯಲು ಇರುವ ಮಾರ್ಗವೆಂದರೆ ಪ್ರತಿಯೊಂದು ತಪಾಸಣೆಯಲ್ಲಿಯೂ ರಕ್ತದೊತ್ತಡವನ್ನು ಅಳತೆ ಮಾಡಿಸುವುದು.

ರೋಗದ ಸ್ವರೂಪ

ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಿದರೆ ಅದು ಅಧಿಕ ರಕ್ತದೊತ್ತಡ. ಗರ್ಭಧಾರಣೆಯ 20 ವಾರಗಳ ನಂತರ ಒತ್ತಡವು ಹೀಗೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅಥವಾ ಮೂತ್ರಪಿಂಡ, ಯಕೃತ್ತು ಮುಂತಾದ ಅಂಗಗಳಿಗೆ ತೊಂದರೆಯಾದರೆ ಅದನ್ನು ಪ್ರೀ-ಎಕ್ಲಾಂಪ್ಸಿಯಾ ಅಥವಾ ಗರ್ಭನಂಜು ಎನ್ನುತ್ತಾರೆ. ಇದರಿಂದ ಮಾಸಿನ ಮೂಲಕ ಮಗುವಿಗೆ ಸೇರಬೇಕಾದ ರಕ್ತ ಕಡಿಮೆಯಾಗಿ ಅದರ ಬೆಳವಣಿಗೆ ಕುಂಠಿತವಾಗಬಹುದು. ರೋಗವು ಉಲ್ಬಣಿಸಿದರೆ ತಾಯಿಗೆ ಫಿಟ್ಸ್ ಬಂದು ಇಬ್ಬರ ಜೀವಕ್ಕೂ ಅಪಾಯವಾಗಬಹುದು.

ಯಾರಿಗೆ ಹೆಚ್ಚಿನ ಎಚ್ಚರ ಅಗತ್ಯ?

ಚೊಚ್ಚಲ ಗರ್ಭಿಣಿಯರು, ಅವಳಿ ಮಕ್ಕಳ ತಾಯಂದಿರು, 35 ವರ್ಷ ಮೀರಿದವರು, ಮಧುಮೇಹ, ಬೊಜ್ಜು ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು, ಹಿಂದಿನ ಬಸಿರಿನಲ್ಲಿ ಈ ತೊಂದರೆ ಅನುಭವಿಸಿದವರು ವೈದ್ಯರಿಗೆ ಆರಂಭದಲ್ಲಿಯೇ ತಿಳಿಸತಕ್ಕದ್ದು. ಅಗತ್ಯವಿರುವವರಿಗೆ ವೈದ್ಯರು ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಅದನ್ನು ಸ್ವತಃ ಸೇವಿಸಬಾರದು. ಮನೆಯಲ್ಲಿ ಹಿರಿಯರು ಸೇವಿಸುವ ರಕ್ತದೊತ್ತಡದ ಮಾತ್ರೆಗಳನ್ನೂ ತೆಗೆದುಕೊಳ್ಳಬಾರದು. ಅವುಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರ. ಉಪ್ಪು ಬಿಟ್ಟ ಮಾತ್ರಕ್ಕೆ ಈ ರೋಗವನ್ನು ತಡೆಯಲಾಗದು.

ಅಪಾಯದ ಚಿಹ್ನೆಗಳು

1. ಬಿಡದೆ ಕಾಡುವ ತೀವ್ರ ತಲೆನೋವು
2. ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದಂತಾಗುವುದು
3. ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವು
4. ಮುಖ, ಕೈಗಳು ಹಠಾತ್ತನೆ ಊದಿಕೊಳ್ಳುವುದು
5. ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು
6. ಮಗುವಿನ ಚಲನೆ ಕಡಿಮೆಯಾಗುವುದು

ಸಂಜೆಯ ವೇಳೆ ಕಾಲು ಸ್ವಲ್ಪ ಊದುವುದು ಬಸಿರಿನಲ್ಲಿ ಸಾಮಾನ್ಯ. ಆದರೆ ಮೇಲಿನ ಯಾವುದೇ ಒಂದು ಚಿಹ್ನೆ ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಪರಿಣಾಮಕಾರಿ. ಅದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುವುದೆಂದು 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ತೋರಿಸಿತು.

ತವರಿಗೆ ಹೊರಡುವ ಮುನ್ನ

ಬೊರಿವಲಿಯಂಥ ಮುಂಬಯಿಯ ಉಪನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮೂಲ ಊರು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿದೆ. ಸೀಮಂತದ ನಂತರ ಮಗಳನ್ನು ಹೆರಿಗೆಗೆ ತವರಿಗೆ ಕರೆದೊಯ್ಯುವ ಪದ್ಧತಿ ಇಂದಿಗೂ ಇದೆ. ಈ ರೋಗವು ಹೆಚ್ಚಾಗಿ ತಲೆದೋರುವುದೂ ಕೊನೆಯ ಆ ಮೂರು ತಿಂಗಳುಗಳಲ್ಲಿಯೇ. ಆದುದರಿಂದ ಪ್ರಯಾಣಕ್ಕೆ ಮೊದಲು ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ, ವೈದ್ಯರ ಒಪ್ಪಿಗೆ ಪಡೆಯಿರಿ. ತಪಾಸಣೆಯ ಕಾರ್ಡು ಮತ್ತು ವರದಿಗಳು ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಲಿ. ಹಿಂದಿನ ಅಂಕಿಗಳನ್ನು ಕಂಡಾಗಲೇ ಹೊಸ ವೈದ್ಯರಿಗೆ ಒತ್ತಡವು ಏರುತ್ತಿದೆಯೇ ಎಂಬುದು ತಿಳಿಯುತ್ತದೆ. ಊರು ತಲುಪಿದ ಮೊದಲ ವಾರದಲ್ಲಿಯೇ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿ.

ಹೆರಿಗೆಯ ನಂತರ

ಹೆರಿಗೆಯೊಡನೆ ಅಪಾಯವು ತಕ್ಷಣ ನೀಗುವುದಿಲ್ಲ. ಬಾಣಂತಿಗೂ ಫಿಟ್ಸ್ ಬರಬಹುದು. ಅವಳ ತಲೆನೋವನ್ನು ನಿದ್ದೆಗೇಡಿನ ಫಲವೆಂದು ಕಡೆಗಣಿಸದೆ ಆರು ವಾರಗಳವರೆಗೆ ನಿಗಾ ಇಡಬೇಕು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ತಪಾಸಣೆ ಲಭ್ಯವಿದೆ. ತುರ್ತು ಸಂದರ್ಭದಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಬಹುದು.