ಠಾಣೆಗೆ ಫೋನು ಮಾಡಿಸುವ ಮುನ್ನ

ಪೊಲೀಸ್ ಇಲಾಖೆಗೆ ಸೇರುವ ಪ್ರತಿಯೊಬ್ಬರೂ ಒಂದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಭಾರತದ ಸಂವಿಧಾನಕ್ಕೆ ನಿಷ್ಠರಾಗಿದ್ದು, ಪ್ರಾಮಾಣಿಕವಾಗಿಯೂ ನಿಷ್ಪಕ್ಷಪಾತವಾಗಿಯೂ ಕರ್ತವ್ಯ ನಿರ್ವಹಿಸುವೆವು ಎಂಬುದೇ ಅದರ ಸಾರ. ಆ ನಿಷ್ಠೆ ಸಲ್ಲುವುದು ಸಂವಿಧಾನಕ್ಕೆ, ಯಾವ ಸಚಿವರಿಗೂ ಅಲ್ಲ, ಯಾವ ಪಕ್ಷಕ್ಕೂ ಅಲ್ಲ. ಕರಾರಿನ ಕುರಿತು ಖಂಡಿತವಾಗಿಯೂ ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ (17:34) ಎಚ್ಚರಿಸುತ್ತದೆ. ಖಾಕಿ ತೊಟ್ಟವರು ಮಾಡಿದ ಪ್ರತಿಜ್ಞೆಯೂ ಒಂದು ಕರಾರೇ. ಅವರ ಕೈಯಲ್ಲಿರುವ ಅಧಿಕಾರ ಜನರ ಅಮಾನತು.

ಈ ಕರಾರನ್ನು ಪಾಲಿಸುವುದು ಎಷ್ಟು ಕಠಿಣವೆಂಬುದನ್ನು ನಮ್ಮ ಕೂಡ್ಲಿಗಿಯೇ ಕಂಡಿದೆ. 2016ರ ಜನವರಿಯಲ್ಲಿ ಅಲ್ಲಿನ ಡಿವೈಎಸ್ಪಿ ಅನುಪಮಾ ಶೆಣೈಯವರನ್ನು ಇಂಡಿಗೆ ವರ್ಗಾಯಿಸಲಾಯಿತು. ಸಚಿವರೊಬ್ಬರ ದೂರವಾಣಿ ಕರೆಯನ್ನು ಕಾಯಿಸಿದ್ದೇ ಕಾರಣವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಜನರು ಪ್ರತಿಭಟಿಸಿದರು, ವರ್ಗಾವಣೆ ರದ್ದಾಯಿತು. ಆದರೆ ಅದೇ ವರ್ಷದ ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಇಂತಹ ಒತ್ತಡದಿಂದ ಅಧಿಕಾರಿಗಳನ್ನು ರಕ್ಷಿಸಲೆಂದೇ ಸುಪ್ರೀಂ ಕೋರ್ಟು 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, ಠಾಣಾಧಿಕಾರಿಗಳೇ ಮೊದಲಾದವರಿಗೆ ಕನಿಷ್ಠ 2 ವರ್ಷಗಳ ಅವಧಿ ಇರಬೇಕೆಂದು ನಿರ್ದೇಶಿಸಿತ್ತು.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಠಾಣೆಗೆ ಹೋಗುವ ಫೋನುಗಳನ್ನು ಮಾಡಿಸುವವರು ಯಾರು? ಕೊಟ್ಟೂರಿನಲ್ಲಾಗಲಿ, ಹಗರಿಬೊಮ್ಮನಹಳ್ಳಿಯಲ್ಲಾಗಲಿ, ಹಡಗಲಿ, ಹರಪನಹಳ್ಳಿಗಳಲ್ಲಾಗಲಿ, ಮಗ ಯಾರಿಗೋ ಬೈಕ್ ಗುದ್ದಿಸಿ ಬಂದರೆ ನಮ್ಮ ಕಾಲು ಮೊದಲು ಓಡುವುದು ನಾಯಕರ ಮನೆಗೆ. ಗಾಯಗೊಂಡವನ ಮನೆಗೆ ಹೋಗುವುದು ಆಮೇಲೆ. ಅಧಿಕಾರಿ ಬಗ್ಗಿದರೆ ‘ಒಳ್ಳೆಯವರು’ ಎನ್ನುತ್ತೇವೆ, ಬಗ್ಗದಿದ್ದರೆ ‘ಸೊಕ್ಕಿನವರು’ ಎನ್ನುತ್ತೇವೆ.

ಮಖ್‌ಝೂಮ್ ಗೋತ್ರದ ಪ್ರತಿಷ್ಠಿತ ಮಹಿಳೆಯೊಬ್ಬಳು ಕಳವು ಮಾಡಿದಾಗ, ಅವಳ ಕಡೆಯವರು ಪ್ರವಾದಿವರ್ಯರಿಗೆ(ಸ) ಅತ್ಯಂತ ಪ್ರಿಯರಾಗಿದ್ದ ಉಸಾಮಾರನ್ನು(ರ) ಶಿಫಾರಸಿಗೆ ಕಳುಹಿಸಿದರು. ಪ್ರವಾದಿವರ್ಯರು(ಸ) ಅದನ್ನು ಖಂಡಿಸಿದರು. ದೊಡ್ಡವರನ್ನು ಬಿಟ್ಟು ದುರ್ಬಲರನ್ನು ಮಾತ್ರ ಶಿಕ್ಷಿಸಿದ್ದೇ ಹಿಂದಿನ ಜನಾಂಗಗಳ ನಾಶಕ್ಕೆ ಕಾರಣವೆಂದರು. ತಮ್ಮ ಮಗಳು ಫಾತಿಮಾಳೇ ತಪ್ಪು ಮಾಡಿದ್ದರೂ ತೀರ್ಪು ಬದಲಾಗದೆಂದು ಸಾರಿದರು. ಲಂಚ ಪಡೆಯುವವನನ್ನು ಮಾತ್ರವಲ್ಲ, ಕೊಡುವವನನ್ನೂ ಅವರು ಶಪಿಸಿದ್ದಾರೆ.

ಹಾಗಾದರೆ ಅನ್ಯಾಯವಾದಾಗ ಸುಮ್ಮನಿರಬೇಕೇ? ಖಂಡಿತ ಇಲ್ಲ. ಹಕ್ಕು ಕೇಳುವುದು ಬೇರೆ, ಶಿಫಾರಸು ತರುವುದು ಬೇರೆ. ಈ ಹಕ್ಕುಗಳನ್ನು ಮನೆಮಂದಿಯೆಲ್ಲ ತಿಳಿದಿರಬೇಕು:

ಸಂವಿಧಾನದ 22ನೇ ವಿಧಿಯಂತೆ, ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

1996ರ ಡಿ.ಕೆ. ಬಸು ತೀರ್ಪಿನಂತೆ, ಬಂಧನದ ಸುದ್ದಿಯನ್ನು ಬಂಧುವಿಗೋ ಮಿತ್ರನಿಗೋ ತಿಳಿಸಬೇಕು. ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು ಮತ್ತು 60 ದಾಟಿದ ಪುರುಷರನ್ನು ಸಾಕ್ಷಿಗಳಾಗಿ ವಿಚಾರಿಸಲು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರಿರುವ ಮನೆಯಲ್ಲೇ ವಿಚಾರಿಸಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು. ದೂರು ದಾಖಲಿಸಲು ನಿರಾಕರಿಸಿದರೆ ಎಸ್ಪಿಯವರಿಗೆ ಅಂಚೆಯಲ್ಲಿ ಬರೆದು ಕಳುಹಿಸಬಹುದು. ಅಲ್ಲಿಯೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು.

ಈ ಹಕ್ಕುಗಳು ನಮ್ಮ ಮಕ್ಕಳಿಗೆ ಇರುವಂತೆಯೇ ನಮ್ಮ ಎದುರಾಳಿಯ ಮಕ್ಕಳಿಗೂ ಇವೆ. ಒಂದು ಜನತೆಯ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬುದು ಕುರ್‌ಆನಿನ (5:8) ಆದೇಶ. ಆದ್ದರಿಂದ ನಮಗಾಗದವನಿಗೆ ಲಾಠಿಯೇಟು ಬಿದ್ದಾಗ ಸಂತೋಷಪಡುವ ಅಧಿಕಾರ ನಮಗಿಲ್ಲ.

ಪ್ರಿಯ ಓದುಗರೇ, ನಿಮ್ಮ ಮಗನೋ ಮಗಳೋ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದರೆ ಪ್ರೋತ್ಸಾಹಿಸಿರಿ. ಪ್ರತಿಜ್ಞೆಯ ಭಾರವನ್ನೂ ಅವರಿಗೆ ತಿಳಿಸಿರಿ. ನಾಳೆ ಅವರು ಕುಳಿತ ಠಾಣೆಗೆ ನಿಮ್ಮ ನೆಂಟನೇ ಆರೋಪಿಯಾಗಿ ಬಂದರೆ, ಫೋನು ಮಾಡದಿರುವ ಧೈರ್ಯವನ್ನು ಅಲ್ಲಾಹನು ನಿಮಗೆ ಕರುಣಿಸಲಿ.